ಮೇಷ್ಟ್ರು ಕೇಳಿದ ರೇಷ್ಮೆ ಹಗ್ಗ

ನಾನು ಓದು ನಿಲ್ಲಿಸಿದ್ದು ೧೯೫೮ನೇ ಇಸವಿಯಲ್ಲಿ. ಎಂಟನೇ ತರಗತಿಯಲ್ಲಿದ್ದೆ, ಲೋಯರ್ ಸೆಕೆಂಡರಿ, ಅಂದರೆ ಎಲ್.ಎಸ್. ಪರೀಕ್ಷೆಗೆ ಇನ್ನೂ ಆರೇಳು ತಿಂಗಳಿತ್ತು. ದಡ್ಡನೆಂದು ಬಿಡಲಿಲ್ಲ, ಬಡತನಕ್ಕೂ ಬಿಡಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ವಯಸ್ಸಿನವರು ಓದು ಬಿಟ್ಟೆ ಅಂದರೆ ಕೇಳುವವರು ತಾವೇ ಒಂದು ಕಾರಣ ಹೊಂದಿಸಿಕೊಂಡು ‘ಪಾಪ’ ಅಂದುಬಿಡುತ್ತಾರೆ. ನನಗೆ ಆ ಪಾಪ ಬೇಡ.

ಇದನ್ನೆಲ್ಲ ಬರೆಯಬೇಕೆಂದು ಕೂತವನಲ್ಲ ನಾನು. ಮೊನ್ನೆ ಸಂಜೆ ಮೊಮ್ಮಗಳು ಹೂವಿನ ದಳ ಬಿಡಿಸಿ, ಒದ್ದೆ ಖಾದಿ ಬಟ್ಟೆಯಲ್ಲಿ ಸುತ್ತಿ, ನನ್ನ ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟು ಹೋದಳು. ಮಾರನೆಯ ದಿನ ಅವಳ ಸ್ಕೂಲಿನಲ್ಲಿ ಬಾವುಟದೊಳಗೆ ಹಾಕುವುದಕ್ಕಂತೆ. ದೀಪ ಆರಿಸಿ ಮಲಗಿದೆ. ನೆಂದ ಖಾದಿ, ಅರೆಬಾಡಿದ ಸೇವಂತಿಗೆ, ಗುಲಾಬಿ ಎಲ್ಲ ಸೇರಿದ ಒಂದು ವಾಸನೆ... ನಮ್ಮ ಮೇಷ್ಟ್ರ ಕೈಯಿಂದ ಒಂದು ಸಂಜೆ ಇದೇ ವಾಸನೆ ಬರುತ್ತಿತ್ತು. ಬೆಳಗಾಗುವ ತನಕ ಅವರು ನನ್ನ ತಲೆಯಿಂದ ಇಳಿಯಲಿಲ್ಲ.

ಶಿಡ್ಲಘಟ್ಟದಿಂದ ಮೇಲೂರಿನ ಕಡೆಗೆ ಹೋಗುವಾಗ ಸಿಗುವ ಊರು ನಮ್ಮದು. ಹೆಸರು ಬೇಡ, ಆ ಜನರ ಮಕ್ಕಳು ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ. ಹೊಲ ಇದ್ದವರು ಹಿಪ್ಪುನೇರಳೆ ಬೆಳೆದು ಹುಳು ಸಾಕುತ್ತಿದ್ದರು. ಹೊಲ ಇಲ್ಲದ ನಮ್ಮಪ್ಪ ಅವರು ಬೆಳೆದ ಗೂಡು ತಂದು, ಹಿತ್ತಲ ಸೋಗೆ ಮಾಡಿನ ಕೆಳಗೆ ಬಿಸಿನೀರಿನ ಬಾಣಲೆಯಲ್ಲಿ ಬೇಯಿಸಿ, ನೂಲು ಬಿಚ್ಚುತ್ತಿದ್ದ. ಅವನು ಬಾಣಲೆಯ ಮುಂದೆ ಕೂತು ಎಳೆ ಹಿಡಿಯುತ್ತಿದ್ದ, ಅಮ್ಮ ಎಳೆ ಸುತ್ತುವ ಚರಕ ತಿರುಗಿಸುತ್ತಿದ್ದಳು. ಊರಿಗೆಲ್ಲ ಇದ್ದದ್ದು ಅದೊಂದೇ ಚರಕ. ಸತ್ತ ಹುಳುವಿನ ವಾಸನೆ ನಮ್ಮ ಮನೆ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಬಟ್ಟೆಯಲ್ಲಿ, ತಲೆಗೂದಲಲ್ಲಿ, ಪುಸ್ತಕದ ಹಾಳೆಯಲ್ಲಿ ಸಹ ಇರುತ್ತಿತ್ತು. ಮದುವೆ ಮನೆಯಲ್ಲಿ ಅಪ್ಪನನ್ನು ಕರೆದು ಕೂಡಿಸುತ್ತಿದ್ದರು, ಆದರೆ ಪಂಕ್ತಿಯ ಕೊನೆಗೆ, ಗಾಳಿ ಹೊರಗೆ ಹೋಗುವ ಬಾಗಿಲ ಹತ್ತಿರ.

ಶಾಲೆಯಲ್ಲಿ ನನ್ನ ಪಕ್ಕದ ಹುಡುಗರು ಜರುಗಿ ಕೂರುತ್ತಿದ್ದರು. ಹೊಸದಾಗಿ ಬಂದ ಮೇಷ್ಟ್ರು ಅದನ್ನು ಮೊದಲನೆಯ ವಾರವೇ ನೋಡಿದರು. ನನ್ನನ್ನು ಕರೆದು ಮುಂದಿನ ಸಾಲಿನಲ್ಲಿ, ತಮ್ಮ ಮೇಜಿನ ಎದುರಿಗೆ ಕೂಡಿಸಿದರು. ಹಿಂದೆ ಯಾರೋ ಮೂಗು ಹಿಡಿದು ನಕ್ಕರು.

“ಯಾವನೋ ಅವ್ನು? ನಿಮ್ಮನೆ ಮದ್ವೇಲಿ ರೇಷ್ಮೆ ಸೀರೆ ಉಡುಸ್ತಾರಲ್ಲ, ಆಗ ಯಾಕೋ ಮೂಗು ಮುಚ್ಕೊಳ್ಳಲ್ಲ?” ಅಂದರು ಮೇಷ್ಟ್ರು.

ಆ ಒಂದು ಮಾತಿಗೆ ನಾನು ಅವರಿಗೆ ನನ್ನನ್ನೇ ಬರೆದುಕೊಟ್ಟೆ ಅನ್ನಿ. ಹದಿಮೂರು ವರ್ಷದವನಿಗೆ ಇನ್ನೇನು ಬೇಕು.

ಮೇಷ್ಟ್ರು ಗೌರಿಬಿದನೂರು ಕಡೆಯವರು, ವಿದುರಾಶ್ವತ್ಥದ ಪಕ್ಕದೂರು. ಎತ್ತರದ ಆಳು, ಮೊಣಕೈವರೆಗೆ ಮಡಿಚಿದ ಖಾದಿ ಜುಬ್ಬ, ಪಂಚೆ. ಆಗಸ್ಟ್ ತಿಂಗಳು ಬಂತೆಂದರೆ ಲೆಕ್ಕದ ಪಾಠ ನಿಲ್ಲಿಸಿ, ೧೯೩೮ರಲ್ಲಿ ಬಾವುಟ ಹಾರಿಸಲು ಸೇರಿದವರ ಮೇಲೆ ಪೊಲೀಸರು ಗುಂಡು ಹಾರಿಸಿದ ವಿದುರಾಶ್ವತ್ಥದ ಕತೆ ಹೇಳುತ್ತಿದ್ದರು. “ಗುಂಡು ಬರೋದು ಗೊತ್ತಿತ್ತು ಕಣ್ರಪ್ಪ. ಆದ್ರೂ ಬಾವುಟ ಬಿಡಲಿಲ್ಲ. ಭಯ ಅಂದ್ರೆ ಏನಂತ ತಿಳ್ಕೊಂಡಿದೀರಾ? ಅದು ನಾವು ಒಳಗೆ ಕರೆದ್ರೆ ಮಾತ್ರ ಬರೋ ನೆಂಟ.” ಹೇಳುವಾಗ ಅವರ ಕಣ್ಣಲ್ಲಿ ನಿಜವಾಗಿ ನೀರು ಬರುತ್ತಿತ್ತು. ಅದು ಸುಳ್ಳು ನೀರಲ್ಲ. ಅದನ್ನು ನಾನು ಇವತ್ತಿಗೂ ಸುಳ್ಳೆನ್ನುವುದಿಲ್ಲ.

ಆ ವರ್ಷದ ಆಗಸ್ಟ್ ಹದಿನೈದಕ್ಕೆ ಶಾಲಾ ಇನ್ಸ್‌ಪೆಕ್ಟರು ನಮ್ಮ ಊರಿಗೆ ಬರುವುದೆಂದು ಗೊತ್ತಾಯಿತು. ವಯಸ್ಸು ನಲವತ್ತು ದಾಟಿದ್ದರೂ ಮೇಷ್ಟ್ರ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಅದು ಆಗಬೇಕಾದರೆ ಆ ಇನ್ಸ್‌ಪೆಕ್ಟರು ಒಳ್ಳೆಯ ಮಾತು ಬರೆಯಬೇಕು. ಇದು ನಮಗೆ ಹುಡುಗರಿಗೂ ಗೊತ್ತಿತ್ತು. ಶಾಲೆಗೆ ಸುಣ್ಣ ಬಳಿಸಿದರು. ಸರ್ವೆ ಮರದ ಹೊಸ ಕಂಬ ನೆಡಿಸಿದರು. ನನಗೆ ಒಂದು ಭಾಷಣ ಬರೆದುಕೊಟ್ಟು ಬಾಯಿಪಾಠ ಮಾಡಿಸಿದರು. “ಇನ್ಸ್‌ಪೆಕ್ಟರ್ ಮುಂದೆ ಇದನ್ನ ತಡವರಿಸ್ದೆ ಹೇಳ್ಬಿಡು. ನಿನ್ನನ್ನ ಚಿಕ್ಕಬಳ್ಳಾಪುರದಲ್ಲಿ ಹಾಸ್ಟೆಲ್‌ಗೆ ಸೇರಿಸೋ ಮಾತು ಅವತ್ತೇ ತೆಗೀತೀನಿ” ಅಂದಿದ್ದರು.

ಹಬ್ಬಕ್ಕೆ ಎರಡು ದಿನ ಇದೆ ಅನ್ನುವಾಗ, ಒಂದು ಸಂಜೆ ಮೇಷ್ಟ್ರು ನಮ್ಮ ಮನೆಗೇ ಬಂದರು. ಶಾಲೆಯ ಮೇಷ್ಟ್ರು ಅನ್ನಿಸಿಕೊಂಡವರು ನಮ್ಮ ಹಿತ್ತಲಿಗೆ ಕಾಲಿಟ್ಟದ್ದು ಅದೇ ಮೊದಲು. ಅಮ್ಮ ಚರಕ ಬಿಟ್ಟು ಎದ್ದು ನಿಂತಳು. ಅಪ್ಪನ ಕೈ ಬಿಸಿನೀರಿನಲ್ಲೇ ಇತ್ತು.

“ನೋಡಿ ಯಜಮಾನ್ರೇ, ನಮ್ಮ ಬಾವುಟದ ಹಗ್ಗ ಬಾವಿ ಹಗ್ಗ ಇದ್ದಂಗಿದೆ. ರೇಷ್ಮೆ ಊರಲ್ಲಿ ಸ್ವಾತಂತ್ರ್ಯದ ಬಾವುಟ ತೆಂಗಿನ ನಾರಲ್ಲಿ ಹಾರಬೇಕಾ? ನೀವು ಒಂದು ರೇಷ್ಮೆ ಹಗ್ಗ ಹೊಸೆದು ಕೊಡಿ. ಇನ್ಸ್‌ಪೆಕ್ಟರು ನೋಡ್ಲಿ, ಇಡೀ ತಾಲ್ಲೂಕಲ್ಲಿ ಇಂಥದ್ದು ಇರಬಾರದು” ಅಂದರು.

ನಮ್ಮಪ್ಪನನ್ನು ಯಾರೂ ಯಜಮಾನರೇ ಅಂದದ್ದು ನಾನು ಕೇಳಿರಲಿಲ್ಲ. ಅಪ್ಪನೂ ಕೇಳಿರಲಿಲ್ಲವೆಂದು ಕಾಣುತ್ತದೆ, ಹಿಂದೆ ತಿರುಗಿ ಬೇರೆ ಯಾರಾದರೂ ನಿಂತಿದ್ದಾರೋ ಅಂತ ನೋಡಿದ.

“ನಾನು ಕೊಡೋದಾ ಸ್ವಾಮಿ? ಊರವ್ರು ಏನಂತಾರೋ...”

“ಊರವ್ರನ್ನ ನಾನು ನೋಡ್ಕೋತೀನಿ. ನೀವು ಅವತ್ತು ಮುಂದೆ ನಿಂತ್ಕೋಬೇಕು, ಕಂಬದ ಪಕ್ಕ.”

ದೀಪಾವಳಿಗೂ ಆರದ ಒಲೆ ನಮ್ಮದು. ಗೂಡು ಕಾಯುವುದಿಲ್ಲ, ಬಿಟ್ಟರೆ ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಆದರೂ ಅಪ್ಪ ಆ ಹದಿನೈದಕ್ಕೆ ಒಲೆ ಹಚ್ಚುವುದಿಲ್ಲ ಅಂದ. ಅಮ್ಮ ಒಬ್ಬಟ್ಟಿಗೆ ಬೇಳೆ ತೆಗೆದಿಟ್ಟಳು. ಹದಿನಾಲ್ಕನೇ ತಾರೀಕು ಬೆಳಿಗ್ಗೆಯಿಂದ ಅಪ್ಪ ಅತಿ ಬಿಳಿಯ ಗೂಡು ಆರಿಸಿ ನೂಲು ತೆಗೆದ. ಆ ನೂಲಿನ ಎಳೆಗಳನ್ನು ಒದ್ದೆಯಿರುವಾಗಲೇ ಸೇರಿಸಿ, ಬೇವಿನ ಮರಕ್ಕೂ ಮನೆಯ ಕಂಬಕ್ಕೂ ಕಟ್ಟಿ, ಅವನೂ ಅಮ್ಮನೂ ಎರಡು ತುದಿಯಲ್ಲಿ ನಿಂತು ಹೊಸೆದರು. ಸಂಜೆಯ ಹೊತ್ತಿಗೆ ಹಗ್ಗವಾಯಿತು. ಹಸುವಿನ ಕೆಚ್ಚಲಿನ ಹಾಗೆ ನುಣುಪಾಗಿ, ಇನ್ನೂ ತೇವವಾಗಿ, ಕೈಗೆ ಬೆಚ್ಚಗೆ ಸಿಗುತ್ತಿತ್ತು. ಅದನ್ನು ಹಿತ್ತಾಳೆ ತಟ್ಟೆಯಲ್ಲಿ ಸುತ್ತಿಟ್ಟು, ಮೇಲೆ ಒಂದು ಹೂವಿಟ್ಟು, ಒಗೆದ ಟವೆಲು ಹೆಗಲ ಮೇಲೆ ಹಾಕಿಕೊಂಡು, ಊರ ನಡುವಿನ ಬೀದಿಯಲ್ಲಿ ಅಪ್ಪ ಶಾಲೆಗೆ ನಡೆದ. ನಾನು ಪಕ್ಕದಲ್ಲಿದ್ದೆ. ಜಗಲಿಯ ಮೇಲಿದ್ದ ಜನ ಮಾತು ನಿಲ್ಲಿಸಿ ನೋಡಿದರು.

ಮೇಷ್ಟ್ರು ಬಾವುಟವನ್ನು ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ತಾವೇ ಮಡಿಕೆ ಹಾಕಿ, ಒಳಗೆ ಹೂವಿನ ದಳ ತುಂಬಿ, ಆ ರೇಷ್ಮೆ ಹಗ್ಗದಲ್ಲೇ ಜಾರುಗಂಟು ಹಾಕಿದರು. ರೇಷ್ಮೆ ಜಾರುತ್ತದೆ, ಬೆಳಗಿನೊಳಗೆ ಎಲ್ಲಿ ತಾನಾಗಿ ಬಿಚ್ಚಿಕೊಂಡೀತೋ ಅಂತ ಇನ್ನೊಂದು ಸುತ್ತು ಸುತ್ತಿ ಬಿಗಿ ಮಾಡಿದರು. ಅಪ್ಪ ಪಕ್ಕದಲ್ಲೇ ನಿಂತು ನಗುತ್ತಿದ್ದ. ಮೇಷ್ಟ್ರು ಹೂವಿನ ಕೈಯಿಂದಲೇ ನನ್ನ ತಲೆ ನೇವರಿಸಿ, “ನಾಳೆ ನೋಡು ಕಣೋ, ನಿಮ್ಮಪ್ಪನ ಗತ್ತು” ಅಂದರು. ಬಾವುಟವನ್ನು ಕಚೇರಿ ಕೋಣೆಯ ಮೇಜಿನ ಮೇಲಿಟ್ಟು ಬೀಗ ಹಾಕಿದರು.

ಇಲ್ಲಿ ಒಂದು ಮಾತು ಹೇಳಬೇಕು, ಆಗಿದ್ದು ತಿಳಿಯಬೇಕಾದರೆ. ಬಾಣಲೆಯಿಂದ ಆಗ ತಾನೇ ಬಂದ ರೇಷ್ಮೆಯಲ್ಲಿ ಅಂಟು ಇರುತ್ತದೆ. ಒದ್ದೆಯಿರುವಾಗ ಅದು ಜಾರುತ್ತದೆ, ಆರಿತೆಂದರೆ ಗೋಂದು ಹಚ್ಚಿದ ಹಾಗೆ ಕಚ್ಚಿಕೊಳ್ಳುತ್ತದೆ. ಅದಕ್ಕೇ ಚರಕದ ಕೆಳಗೆ ಕೆಂಡ ಇಟ್ಟು ನೂಲನ್ನು ಆರಿಸಿಕೊಂಡೇ ಸುತ್ತುವುದು. ಇದು ನಮ್ಮ ಮನೆಯ ಬೆಕ್ಕಿಗೂ ಗೊತ್ತಿದ್ದ ವಿಷಯ. ಆ ಸಂಜೆ ಅಪ್ಪನಿಗೂ ಹೊಳೆಯಲಿಲ್ಲ, ಅಮ್ಮನಿಗೂ ಹೊಳೆಯಲಿಲ್ಲ. ದಿನವೂ ನೂಲು ತೆಗೆಯುವವರು ಎಂದೂ ಅದರಲ್ಲಿ ಗಂಟು ಹಾಕಿ ಆರಲು ಬಿಟ್ಟವರಲ್ಲ. ಸಂತೋಷವೂ ಒಂದು ಥರ ಕಣ್ಣಿಗೆ ಪೊರೆ...

ಬೆಳಿಗ್ಗೆ ಪ್ರಭಾತ ಫೇರಿ ಮುಗಿಸಿ ಬಂದೆವು. ಇನ್ಸ್‌ಪೆಕ್ಟರು ಬಂದರು. ಊರಿನ ದೊಡ್ಡವರು ಬೆಂಚಿನ ಮೇಲೆ ಕೂತಿದ್ದರು. ಅಪ್ಪ ಒಗೆದ ಪಂಚೆ ಉಟ್ಟು, ಮೇಷ್ಟ್ರು ಹೇಳಿದ್ದ ಜಾಗದಲ್ಲೇ, ಕಂಬದ ಪಕ್ಕ ನಿಂತಿದ್ದ. ಬಾವುಟ ಮೇಲಕ್ಕೆ ಹೋಯಿತು. ಬಿಸಿಲಿಗೆ ಹಗ್ಗ ಮಿಂಚಿತು. ಇನ್ಸ್‌ಪೆಕ್ಟರು ಅದನ್ನು ಮುಟ್ಟಿ ನೋಡಿ, “ಭೇಷ್, ರೇಷ್ಮೇನಾ?” ಅಂದರು. ಮೇಷ್ಟ್ರು ಅಪ್ಪನ ಕಡೆ ನೋಡಿ ಮುಗುಳ್ನಕ್ಕರು.

ಇನ್ಸ್‌ಪೆಕ್ಟರು ಎಳೆದರು. ಬಿಚ್ಚಲಿಲ್ಲ. ಮತ್ತೆ ಎಳೆದರು. ಹುಡುಗರು ಕಿಸಕ್ಕೆಂದರು. ಮೂರನೆಯ ಸಲ ಜೋರಾಗಿ ಜಗ್ಗಿದರು. ರೇಷ್ಮೆ ಹರಿಯುವ ವಸ್ತುವಲ್ಲ. ಮೇಲಿದ್ದ ರಾಟೆಯ ಮೊಳೆಯೇ ಕಿತ್ತು ಬಂತು. ಬಾವುಟ ಸುತ್ತಿಕೊಂಡ ಹಾಗೇ ಬಂದು ಅವರ ಬೂಟಿನ ಮುಂದೆ ಕೆಸರಿನಲ್ಲಿ ಬಿತ್ತು.

ಇನ್ಸ್‌ಪೆಕ್ಟರು ಅದನ್ನು ಎತ್ತಿಕೊಂಡು ಉಗುರಿನಿಂದ ಗಂಟು ಬಿಚ್ಚಲು ನೋಡಿದರು. ಅದು ಕಲ್ಲಿನ ಹಾಗೆ ಕೂತಿತ್ತು.

“ಯಾರ್ರೀ ಈ ಹಗ್ಗ ಕಟ್ಟಿಸಿದ್ದು?”

ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು. ನಾನು ಎದುರಿಗೇ, ಭಾಷಣಕ್ಕೆಂದು ಸಾಲಿನಿಂದ ಹೊರಗೆ ನಿಂತಿದ್ದೆ. ಅವರ ತುಟಿಯನ್ನೇ ನೋಡುತ್ತಿದ್ದೆ. ಈಗ ‘ನಾನೇ ಸಾರ್’ ಅನ್ನುತ್ತಾರೆ, ಈಗ ಅನ್ನುತ್ತಾರೆ...

“ಅವ್ರು ತಂದು ಕೊಟ್ಟದ್ದು ಸಾರ್” ಅಂದರು ಮೇಷ್ಟ್ರು, ಅಪ್ಪನ ಕಡೆ ಕೈ ಮಾಡಿ. “ರೇಷ್ಮೆ ಹಗ್ಗ ಅಂತ... ಅವ್ರೇ ತಂದ್ರು.”

ಅದು ಸುಳ್ಳೂ ಅಲ್ಲ. ತಂದದ್ದು ಅಪ್ಪನೇ ತಾನೇ. ಎಷ್ಟು ಹೇಳಬೇಕೋ ಅಷ್ಟು ಹೇಳಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತ ಮಾತು.

“ಕಂಡಕಂಡವರ ಮನೆ ಹಗ್ಗ ತಂದು ರಾಷ್ಟ್ರಧ್ವಜಕ್ಕೆ ಕಟ್ತೀರೇನ್ರೀ?” ಅಂದರು ಇನ್ಸ್‌ಪೆಕ್ಟರು. ಬೆಂಚಿನ ಮೇಲಿದ್ದ ಹಿರಿಯರೊಬ್ಬರು ತೆಲುಗಿನಲ್ಲಿ, “ಪುರುಗುಲು ಉಡಕಬೆಟ್ಟೇವಾಡಿಕಿ ಜೆಂಡಾ ಎಂದುಕಯ್ಯಾ?” ಅಂದರು. ಹುಳು ಬೇಯಿಸುವವನಿಗೆ ಬಾವುಟ ಯಾಕಪ್ಪ ಅಂತ. ಸುತ್ತಲಿನವರು ನಕ್ಕರು.

ಅಪ್ಪ ಕೈಮುಗಿದ. “ತಪ್ಪಾಯ್ತು ಸ್ವಾಮಿ. ನಂದೇ ತಪ್ಪು” ಅಂದ. ಮೇಷ್ಟ್ರ ಕಡೆ ಅವನು ನೋಡಲೇ ಇಲ್ಲ. ಯಾರೋ ಎಲೆಯಡಿಕೆ ಚೀಲದಿಂದ ಅಡಕತ್ತರಿ ತೆಗೆದುಕೊಟ್ಟರು, ಅದರಲ್ಲಿ ಗಂಟು ಕತ್ತರಿಸಿದರು. ಹಳೆಯ ನಾರಿನ ಹಗ್ಗ ಬಂತು. ಬಾವುಟವನ್ನು ಕಂಬಕ್ಕೆ ಹಾಗೇ ಕಟ್ಟಿ ನಿಲ್ಲಿಸಿದರು. ಅಪ್ಪ ಅಷ್ಟು ಹೊತ್ತಿಗೆ ಗುಂಪಿನ ಹಿಂದಕ್ಕೆ ಹೋಗಿದ್ದ. ಆಮೇಲೆ ನೋಡಿದರೆ ಗುಂಪಿನಲ್ಲೂ ಇರಲಿಲ್ಲ.

ಮೇಷ್ಟ್ರು ನನ್ನ ಹೆಸರು ಹಿಡಿದು ಭಾಷಣಕ್ಕೆ ಕರೆದರು. ನಾನು ಅವರ ಮುಂದೆಯೇ ನಡೆದುಕೊಂಡು ಹೋಗಿ, ಗೇಟು ದಾಟಿ, ಮನೆಗೆ ಹೋದೆ. ಓಡಲಿಲ್ಲ. ಹಿಂದೆ ಇನ್ನೊಂದು ಸಲ ಕರೆದದ್ದು ಕೇಳಿಸಿತು.

ಅಪ್ಪ ಒಗೆದ ಪಂಚೆಯಲ್ಲೇ ಒಲೆ ಹಚ್ಚಿ ಬಾಣಲೆಯ ಮುಂದೆ ಕೂತಿದ್ದ. ನನ್ನನ್ನು ನೋಡದೆ, “ಅಂಟು ಮರ್ತೆ ಕಣೋ” ಅಂದ. ಅಷ್ಟೇ. ಅದರ ಮೇಲೆ ಸಾಯುವ ತನಕ ಆ ವಿಷಯ ಅವನು ಎತ್ತಲಿಲ್ಲ. ಅಮ್ಮ ಬೇಯಿಸಿದ ಬೇಳೆ ರಾತ್ರಿ ಸಾರಾಯಿತು.

ಮೇಷ್ಟ್ರು ಮೂರ್ನಾಲ್ಕು ದಿನ ಬಿಟ್ಟು ಬಂದರು. ಹಿತ್ತಲಿಗೆ ಬರಲಿಲ್ಲ, ಬೀದಿ ಬಾಗಿಲಲ್ಲೇ ನಿಂತರು.

“ಹುಡುಗನ್ನ ಕಳಿಸಿ. ಪರೀಕ್ಷೆಗೆ ಕಟ್ಟಿಸ್ತೀನಿ. ಓದೋ ಹುಡುಗ, ಹಾಳಾಗ್ತಾನೆ” ಅಂದರು.

ಅಪ್ಪ ನನ್ನ ಕಡೆ ತಿರುಗಿ, “ಹೋಗೋ. ಓದು ನಿಂದು, ಮರ್ಯಾದೆ ನಂದು. ನಂದನ್ನ ನೀನ್ಯಾಕೆ ಹೊರ್ತೀಯ?” ಅಂದ.

ನಾನು ಮೇಷ್ಟ್ರಿಗೆ ಹೇಳಿದೆ: “ಹಗ್ಗ ಬೇಕು ಅಂತ ಕೇಳಿದ್ದು ನೀವೇ ಅಂತ ಊರವ್ರ ಮುಂದೆ ಹೇಳಿ ಮೇಷ್ಟ್ರೇ. ನಾಳೇನೇ ಬರ್ತೀನಿ.”

ಅಪ್ಪ ನನ್ನ ಬೆನ್ನಿಗೆ ಗುದ್ದಿದ. ಮೇಷ್ಟ್ರು ನೆಲ ನೋಡಿದರು. “ನಂಗೆ ನಾಲ್ಕು ಜನ ಹೆಣ್ಮಕ್ಕಳು ಕಣಪ್ಪ” ಅಂದರು. ಚಪ್ಪಲಿ ಮೆಟ್ಟಿಕೊಂಡು ಹೋದರು. ಮರುದಿನ ಬೆಳಿಗ್ಗೆ ಅಮ್ಮನ ಕೈಯಿಂದ ಚರಕದ ಹಿಡಿ ನಾನು ತೆಗೆದುಕೊಂಡೆ.

ಊರು ಅದನ್ನು ಬಿಡಲಿಲ್ಲ. ಗೂಡು ತರಲು ಹೋದಲ್ಲೆಲ್ಲ, “ನಿನ್ನ ನೂಲು ಗಟ್ಟಿ ಕಣಯ್ಯ, ಇನ್ಸ್‌ಪೆಕ್ಟರು ಜಗ್ಗಿದ್ರೂ ಬಿಚ್ಚಲಿಲ್ಲ” ಅನ್ನುತ್ತಿದ್ದರು. ಅಪ್ಪ ಅವರ ಜೊತೆ ತಾನೂ ನಗುತ್ತಿದ್ದ. ನನಗೆ ಆ ನಗು ನೋಡಲು ಆಗುತ್ತಿರಲಿಲ್ಲ. ಪ್ರತಿ ವರ್ಷ ಆಗಸ್ಟ್ ಹದಿನೈದರಂದು ಎಂದಿಗಿಂತ ಮುಂಚೆ ಎದ್ದು ಒಲೆ ಹಚ್ಚುತ್ತಿದ್ದ. ಪ್ರಭಾತ ಫೇರಿಯ ಹುಡುಗರ ಕೂಗು ಬೀದಿಯಲ್ಲಿ ಹೋಗುವಾಗ ಬಾಣಲೆಯ ಮೇಲೆ ಬಗ್ಗಿ, ಸಿಗದ ಎಳೆ ಹುಡುಕುವವನ ಹಾಗೆ ಕೂತಿರುತ್ತಿದ್ದ. ೬೪ರಲ್ಲಿ ತೀರಿಕೊಂಡ. ಮೇಷ್ಟ್ರಿಗೆ ಕೆಲಸ ಆ ವರ್ಷವೇ ಖಾಯಂ ಆಗಿತ್ತು. ಚಿಂತಾಮಣಿ ಕಡೆಗೆ ವರ್ಗವಾಗಿ ಹೋದರು.

ಅಪ್ಪ ಹೋದ ಮೇಲೆ ನಾನು ಅಮ್ಮನನ್ನು ಕರೆದುಕೊಂಡು ಶಿಡ್ಲಘಟ್ಟಕ್ಕೆ ಬಂದೆ. ಒಂದು ಚರಕ ಎರಡಾಯಿತು, ಎರಡು ನಾಲ್ಕಾಯಿತು. ಯಾರ ಶಿಫಾರಸಿನಿಂದಲೂ ಅಲ್ಲ, ನನ್ನ ಬೆರಳು ಬೆಂದು ಆದದ್ದು. ೬೭ರ ಜುಲೈಯಲ್ಲಿ ಒಂದು ಮಧ್ಯಾಹ್ನ ಮೇಷ್ಟ್ರು ನನ್ನ ಬಾಗಿಲಿಗೆ ಬಂದು ನಿಂತರು. ತಲೆ ಪೂರಾ ಬೆಳ್ಳಗಾಗಿತ್ತು. ಮತ್ತೆ ನಮ್ಮ ಊರಿನ ಶಾಲೆಗೇ ಹೆಡ್‌ಮೇಷ್ಟ್ರಾಗಿ ಬಂದಿದ್ದರು, ನಿವೃತ್ತಿ ಹತ್ತಿರವಿತ್ತು. ಚಾಪೆ ಹಾಕಿಸಿದೆ, ಕಾಫಿ ತರಿಸಿದೆ. ಬಾಣಲೆಗಳನ್ನೆಲ್ಲ ನೋಡಿ, “ಚೆನ್ನಾಗಿ ಬೆಳೆದೆ ಕಣಪ್ಪ” ಅಂದರು. ಆಮೇಲೆ ಬಂದ ವಿಷಯ ಹೇಳಿದರು.

“ಈ ಸಲ ಹದಿನೈದನೇ ತಾರೀಕು ನೀನೇ ಬಂದು ಬಾವುಟ ಹಾರಿಸ್ಬೇಕು. ನಿಮ್ಮಪ್ಪ ನಿಂತ ಜಾಗ.”

“ಬರ್ತೀನಿ ಮೇಷ್ಟ್ರೇ. ನಾನು ಹಗ್ಗ ಮುಟ್ಟೋಕೆ ಮುಂಚೆ ನೀವು ಒಂದು ಮಾತು ಹೇಳ್ಬೇಕು. ಯಾವ ಮಾತು ಅಂತ ನಿಮಗೆ ಗೊತ್ತು.”

ಅವರು ಲೋಟ ಕೆಳಗಿಟ್ಟರು. “ನಿಮ್ಮಪ್ಪನೇ ಇಲ್ಲ. ಈಗ ಯಾರಿಗಪ್ಪ ಅದು?”

“ನಕ್ಕವ್ರು ಇನ್ನೂ ಅದೇ ಬೆಂಚಿನ ಮೇಲೆ ಕೂತವ್ರಲ್ಲ, ಅವ್ರಿಗೆ.”

“ಆಗ ನನ್ನ ಕೆಲ್ಸ ಖಾಯಂ ಆಗಿರ್ಲಿಲ್ಲ ಕಣೋ...”

“ಈಗ ಆಗಿದೆಯಲ್ಲ ಮೇಷ್ಟ್ರೇ.”

ಅವರು ಲೋಟವನ್ನು ನನ್ನ ಕಡೆ ಸರಿಸಿದರು. ಆಮೇಲೆ ಹೇಳಿದರು: “ಆಗ ಹೇಳಿದ್ರೆ ಹಗ್ಗ ಕೇಳಿದ್ದು ನಾನು ಅಂತ ಮಾತ್ರ ಆಗ್ತಿತ್ತು. ಈಗ ಹೇಳಿದ್ರೆ ಒಂಬತ್ತು ವರ್ಷ ಬಾಯಿ ಮುಚ್ಕೊಂಡಿದ್ದೆ ಅಂತಲೂ ಹೇಳ್ದಂಗಾಗುತ್ತೆ. ಅದು ನನ್ ಕೈಲಾಗಲ್ಲಪ್ಪ.”

ನಾನು ಎದ್ದು ಬಾಗಿಲವರೆಗೆ ಕಳಿಸಿಕೊಟ್ಟೆ. ಬಸ್‌ಸ್ಟ್ಯಾಂಡಿನ ಕಡೆ ಹೋದರು. ಆ ಆಗಸ್ಟ್ ಹದಿನೈದಕ್ಕೆ ನಾನು ಹೋಗಲಿಲ್ಲ. ಬೇರೆ ಯಾರೋ ಹಾರಿಸಿದರಂತೆ, ಸರಾಗವಾಗಿ ಹಾರಿತಂತೆ. ಮುಂದಿನ ವರ್ಷ ಮೇಷ್ಟ್ರು ನಿವೃತ್ತಿಯಾಗಿ ತಮ್ಮ ಊರಿಗೆ ಹೋದರು. ತೀರಿಕೊಂಡರೆಂದು ಗೌರಿಬಿದನೂರಿನಿಂದ ನೂಲು ಕೊಳ್ಳಲು ಬಂದ ಒಬ್ಬರು ಮಾತಿನ ಮಧ್ಯೆ ಹೇಳಿದರು. ಯಾವಾಗ ಅಂದೆ. ಆಯ್ತಲ್ಲ, ಒಂದೆರಡು ವರ್ಷ, ಅಂದರು. ನಾನು ನೂಲು ತೂಗುವುದನ್ನು ನಿಲ್ಲಿಸಲಿಲ್ಲ.

ಅವರು ಹೇಳಿದ್ದು ನಿಜ ಇರಬಹುದು. ಹೇಳದೆ ಬಿಟ್ಟ ಮಾತು ದಿನ ಕಳೆದ ಹಾಗೆ ಭಾರವಾಗುತ್ತದೆ. ಅದು ನನಗೆ ತಿಳಿಯುತ್ತದೆ. ತಿಳಿದರೆ ಕ್ಷಮಿಸಬೇಕು ಅಂತ ಎಲ್ಲಿದೆ? ನನ್ನನ್ನು ಮುಂದಿನ ಸಾಲಿನಲ್ಲಿ ಕೂಡಿಸಿದವರು ಅವರೇ, ಅದನ್ನೂ ಮರೆತಿಲ್ಲ. ಅವರು ಬರೀ ಕೆಟ್ಟವರಾಗಿದ್ದರೆ ನನಗೆ ಇಷ್ಟು ವರ್ಷ ಈ ಕಹಿ ಉಳಿಯುತ್ತಿರಲಿಲ್ಲ. ಮಗ ಎಷ್ಟೋ ಸಲ ಅಂದಿದ್ದಾನೆ, ಬಿಟ್ಟುಬಿಡಿ ಅಪ್ಪ ಅಂತ. ಆ ಮಾತು ಹೇಳಬೇಕಾದವರು ಹೋದರು, ಕೇಳಿಸಿಕೊಳ್ಳಬೇಕಾದವನು ಅದಕ್ಕೂ ಮುಂಚೆ ಹೋದ. ಬೆಂಚಿನ ಮೇಲಿನವರೂ ಒಬ್ಬೊಬ್ಬರಾಗಿ ಹೋದರು. ಈಗ ಯಾರನ್ನು ಕರೆದು ಯಾರ ಮುಂದೆ ಹೇಳಿಸಲಿ...

ಈಗ ನನಗೆ ಇರುವುದು ಇಷ್ಟು. ಎಂಟು ಬಾಣಲೆಯ ಒಂದು ನೂಲು ಮನೆ. ವಾಸಕ್ಕೆ ಒಂದು ತಾರಸಿ ಮನೆ. ಮೂರು ಜನ ಮಕ್ಕಳು, ಮೂವರೂ ಡಿಗ್ರಿ ಮಾಡಿದ್ದಾರೆ. ಐದು ಮೊಮ್ಮಕ್ಕಳು. ಆಪರೇಷನ್ ಆದ ಒಂದು ಕಣ್ಣು, ಆಗಬೇಕಾದ ಇನ್ನೊಂದು. ಮೇಷ್ಟ್ರು ಅಂತ ಕರೆಯುವುದಕ್ಕೆ, ಒಬ್ಬರೂ ಇಲ್ಲ.